ಗ್ರಾಸಿಯಾಸ್ ಅಂದದ್ದು

ಉದ್ಯೋಗ ಕಚೇರಿಯ ಗುಮಾಸ್ತೆ ತಲೆ ಎತ್ತದೆಯೇ ಹೇಳಿದಳು: "ಸಿಕ್ಕ ಕೆಲಸ ಬೇಡ ಅಂದಿದೀರಿ. ಅದಕ್ಕೆ ನಿಮ್ಮ ನಿರುದ್ಯೋಗ ಭತ್ಯೆ ನಿಂತಿದೆ."

"ನಾನೆಲ್ಲಿ ಬೇಡ ಅಂದೆ?" ಎಂದಳು ಯಾನೆಲಿಸ್.

"ಉಣ್ಣೆ ತೊಳೆಯೋ ಶೆಡ್ಡಿನ ಒಲಿವೇರಾ ಹಾಗಂತ ತಿಳಿಸಿದಾರೆ. ಅವರನ್ನೇ ಕೇಳಿ."

ಭತ್ಯೆ ಇಲ್ಲದಿದ್ದರೆ ತಿಂಗಳ ಕೊನೆಗೆ ಕೋಣೆ ಬಿಡಬೇಕು. ಕ್ಯೂಬಾ ಬಿಟ್ಟು ಮೊಂಟೆವಿಡಿಯೊಗೆ ಬಂದ ಮೇಲೆ, ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗಲು ಅವಳಿಗೆ ಸಿಕ್ಕಿದ್ದ ಮೊದಲ ಕೋಣೆ ಅದು. ನೇರ ಶೆಡ್ಡಿಗೆ ನಡೆದಳು.

ಒಲಿವೇರಾ ಕಂಕುಳಲ್ಲಿ ಥರ್ಮಾಸ್ ಸಿಕ್ಕಿಸಿಕೊಂಡು, ಸೋರೆಬುರುಡೆಯಿಂದ ಮಾಟೆ ಕಷಾಯ ಹೀರುತ್ತ ನಿಂತಿದ್ದ. ಅವಳ ಮಾತು ಕೇಳಿ ಅವನಿಗೇ ಆಶ್ಚರ್ಯ.

"ಅಲ್ಲಮ್ಮ, ಆವತ್ತು ಬುರುಡೆ ಕೈಗೆ ಕೊಟ್ಟು, ನಮ್ಮಲ್ಲಿ ಕೆಲಸಕ್ಕೆ ಬರ್ತೀಯಾ ಅಂತ ಕೇಳಿದೆ. ನೀನು ಕುಡಿದೆ, ವಾಪಸ್ ಕೊಟ್ಟೆ, ಗ್ರಾಸಿಯಾಸ್ ಅಂದೆ, ಹೊರಟೇ ಹೋದೆ."

"ಕೆಲಸ ಕೊಟ್ರಲ್ಲ ಅಂತ ಉಪಕಾರ ನೆನೆದು ಗ್ರಾಸಿಯಾಸ್ ಅಂದೆ. ನೀವು ಕರೀತೀರಿ ಅಂದ್ಕೊಂಡಿದ್ದೆ."

"ಬುರುಡೆ ವಾಪಸ್ ಕೊಡ್ತಾ ಗ್ರಾಸಿಯಾಸ್ ಅಂದ್ರೆ, 'ಸಾಕು, ಇನ್ನು ಬೇಡ' ಅಂತ ಅರ್ಥ ಇಲ್ಲಿ. ಎರಡನೇದು ಕುಡಿಯೋವಾಗ ಸಂಬಳದ ಮಾತಾಡೋಣ ಅಂತಿದ್ದೆ ನಾನು, ನೀನು ಕೆಲಸಾನೂ ಬೇಡ ಅಂತಿದೀಯ ಅಂದ್ಕೊಂಡೆ. ಎರಡು ವರ್ಷದಿಂದ ಇಲ್ಲೇ ಇದೀಯ, ಇಷ್ಟೂ ಕಲೀಲಿಲ್ವಾ? ನೀವು ದ್ವೀಪದೋರು ಬರೀ ಕಾಫಿ ಕುಡಿದೇ ಕೆಟ್ಟಿರಿ."

ಒಳಗೆ ಹೆಂಗಸೊಬ್ಬಳು ನಕ್ಕಳು. ಯಾನೆಲಿಸ್‌ಗೆ ಸಿಗಬೇಕಿದ್ದ ಕೆಲಸಕ್ಕೆ ಬಂದವಳು ಅವಳೇ.

ಒಲಿವೇರಾ ಒಳ್ಳೆಯವನೇ. ತಾನೇ ಕಚೇರಿಗೆ ಫೋನ್ ಹಚ್ಚಿ, ತಪ್ಪು ತಿಳುವಳಿಕೆಯಾಗಿತ್ತು ಎಂದು ಹೇಳಿ, ಫೋನನ್ನು ಅವಳ ಕೈಗಿತ್ತ.

ಅದೇ ಗುಮಾಸ್ತೆ. ಈಗ ದನಿ ಮೆತ್ತಗಾಗಿತ್ತು. "ಸರಿಮಾಡಬಹುದು. ಒಂದೇ ಮಾತು ಹೇಳಿ. ಆ ಕೆಲಸ ನಿಮಗೆ ಬೇಕಿತ್ತು ತಾನೇ? ಮತ್ತೆ ಒಂದು ಸಲನೂ ಯಾಕೆ ಹೋಗಿ ಕೇಳಲಿಲ್ಲ?"

ಯಾನೆಲಿಸ್ ಶೆಡ್ಡಿನೊಳಗೆ ನೋಡಿದಳು. ಬಿಸಿನೀರಿನ ತೊಟ್ಟಿಗಳು, ಜಿಡ್ಡು ಉಣ್ಣೆಯ ಕಮಟು, ತೊಳೆಯುವ ಸೋಡಾಪುಡಿ ತಾಗಿ ಬಿರಿದ ಕೈಗಳು. ಆವತ್ತೂ ಇದನ್ನೆಲ್ಲ ನೋಡಿದ್ದಳು. ಆಮೇಲೆ ಕರೆ ಬರದ ಒಂದೊಂದು ಬೆಳಗೂ ಹೊದಿಕೆ ಎಳೆದುಕೊಂಡು, ಸದ್ಯ ಇವತ್ತೂ ಬರಲಿಲ್ಲ ಎಂದುಕೊಂಡದ್ದು ಅವಳೊಬ್ಬಳಿಗೇ ಗೊತ್ತು. ಬೇಕಿತ್ತು ಅನ್ನುವುದು ಎಷ್ಟರ ಮಾತು.

"ಹಲೋ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಹಾಗಾದ್ರೆ ಹೇಳಿ."

ಹೂಂ ಅನ್ನು ಎಂದು ಒಲಿವೇರಾ ತಲೆಯಾಡಿಸುತ್ತಿದ್ದ. ಅವಳು ಅವನ ಮುಖ ತಪ್ಪಿಸಿ ನೆಲ ನೋಡಿದಳು.

"ಭಯ ಆಗಿತ್ತು," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ಅದಕ್ಕೇ ಕೇಳಲಿಲ್ಲ."

"ಅಂದ್ರೆ ಬೇಡವಾಗಿತ್ತು," ಎಂದಳು ಗುಮಾಸ್ತೆ. ಅದು ಪ್ರಶ್ನೆಯಾಗಿರಲಿಲ್ಲ.

ಯಾನೆಲಿಸ್ ಫೋನನ್ನು ಒಲಿವೇರಾನಿಗೆ ಹಿಂದಿರುಗಿಸಿ, ಕೋಣೆ ಬಿಡುತ್ತೇನೆಂದು ಮನೆಯೊಡತಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಬೀದಿಗಿಳಿದಳು.