ಅಂಗೈ ಒತ್ತುವ ಧಣಿ

ಮುಂಬಯಿ ಹತ್ತಿರದ ಡೊಂಬಿವ್ಲಿಯ ಪುಂಡರೀಕಾಕ್ಷರಿಗೆ ಡೆನ್ಮಾರ್ಕಿನ ಕವಿಯೊಬ್ಬನ ಹುಚ್ಚು ಹಿಡಿದು ಆರು ವರ್ಷವಾಗಿತ್ತು. 2006ರಲ್ಲಿ ಠಾಣೆ ಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಅನುವಾದವೇ ಇದಕ್ಕೆಲ್ಲ ಮೂಲ. ಕವಿ ತನ್ನ ಸೀಮೆಯ ಬಂಜರು ಬಯಲನ್ನು ಬಿಟ್ಟು ಎಲ್ಲೂ ಹೋದವನಲ್ಲ. ಬರೆದದ್ದೆಲ್ಲ ಅಲ್ಲಿನ ಕೂಲಿಯವರ ಬದುಕು. ಅವನ ಹೆಸರಿಗೆ ಕನ್ನಡದ ನಾಲಿಗೆ ಹೊರಳದು, ಹಾಗಾಗಿ ಪುಂಡರೀಕಾಕ್ಷರು 'ನಮ್ಮ ಕವಿ' ಎನ್ನುತ್ತಿದ್ದರು. ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಫೈಲು ತಿರುವಿದ ಮನುಷ್ಯನಿಗೆ ಬಡವರ ಕವಿ ಇಷ್ಟು ಹತ್ತಿರವಾದದ್ದು ಹೇಗೋ, ದೇವರೇ ಬಲ್ಲ.

ಮುಂದಿನ ತಿಂಗಳು ಕನ್ನಡ ಸಂಘದಲ್ಲಿ ಅವರ ಕನ್ನಡ ಅನುವಾದದ ಬಿಡುಗಡೆ. ಕೊನೆಯ ಪ್ರೂಫ್ ಇವತ್ತೇ ಸಂಜೆ ಪ್ರೆಸ್ಸಿಗೆ ಹೋಗಬೇಕು. ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳದಿದ್ದರೆ ತಪ್ಪು ಕಣ್ಣಿಗೆ ಬೀಳದು ಎಂಬುದು ಅವರ ನಂಬಿಕೆ. ಕೇಳಬೇಕಾದ ಹೆಂಡತಿ ಲೋಲಾಕ್ಷಿ ಬದಲಾಪುರದ ತಂಗಿಯ ಮನೆ ಸೇರಿದ್ದರು. ಆರು ವರ್ಷ ಕೇಳಿ ಸಾಕಾಗಿರಬೇಕು, ಪಾಪ. ಕೈಗೆ ಸಿಕ್ಕವನು ಕಟ್ಟಡದ ವಾಚ್‌ಮನ್ ಸಿದ್ರಾಮ, ಸಿಂದಗಿ ಕಡೆಯವನು.

ಆಳುಗಳ ಸಂತೆಯ ಪದ್ಯ ಬಂತು. ವರ್ಷಕ್ಕೊಮ್ಮೆ ಆಳುಗಳು ಸಾಲಾಗಿ ನಿಲ್ಲುತ್ತಾರೆ, ಧಣಿಗಳು ಬಂದು ಆರಿಸಿಕೊಳ್ಳುತ್ತಾರೆ. ಪುಂಡರೀಕಾಕ್ಷರು ರಾಗವಾಗಿ ಓದಿದರು: "ಧಣಿ ಬಂದು ಪ್ರೀತಿಯಲಿ ಹಿಡಿದನು ನನ್ನ ಕೈಯ."

ಸಿದ್ರಾಮ ನಕ್ಕುಬಿಟ್ಟ. "ಪ್ರೀತಿ ಎಲ್ಲಿಂದ ಬಂತ್ರೀ ಸಾಹೇಬ್ರ? ಕೈ ಬಿರುಸೈತೇನಂತ ನೋಡಾಕ ಹಿಡದಾನಂವ. ನಾ ಕಲ್ಯಾಣದ ನಾಕಾ ಚೌಕದಾಗ ಕೂಲಿಗಂತ ಎಂಟ ವರ್ಷ ನಿಂತೀನಿ. ಆಳು ಆರಿಸೋ ಮುಕಾದಮ ಬಂದು ಹಿಂಗ ಅಂಗೈ ಒತ್ತಿ ನೋಡ್ತಿದ್ದ. ಮೆತ್ತಗಿದ್ರ ಬಿಟ್ಟು ಮುಂದ ಹೋಗ್ತಿದ್ದ."

ಪುಂಡರೀಕಾಕ್ಷರು ಇಂಗ್ಲಿಷ್ ಪುಸ್ತಕ ತೆರೆದರು. ಧಣಿ ಕೈ ಹಿಡಿದ ಎಂದಷ್ಟೇ ಇತ್ತು. ಪ್ರೀತಿ ಇವರದೇ ಒಗ್ಗರಣೆ. ದಿನಾ ಬೆಳಿಗ್ಗೆ ಟ್ರೇನಿಗೆ ಓಡುವಾಗ ಸ್ಟೇಷನ್ ಹತ್ತಿರದ ನಾಕಾದಲ್ಲಿ ಕೂಲಿಗೆ ನಿಂತವರನ್ನು ದಾಟಿಯೇ ಹೋಗಿದ್ದರು, ಒಬ್ಬನ ಕೈಯನ್ನೂ ನೋಡಿರಲಿಲ್ಲ. ನಾಚಿಕೆಯಾಯಿತು. ಇನ್ನೆಲ್ಲೆಲ್ಲಿ ಹೀಗೆ ಬೆರೆಸಿದ್ದೇನೋ, ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೋ ಎಂದು ಹೆದರಿಕೆಯೂ ಆಯಿತು.

"ಪ್ರೆಸ್ಸಿನವ ಕಾಯಲಿ ಮಾರಾಯ," ಎಂದರು. "ಮೊದಲಿಂದ ಓದ್ತೇನೆ. ಎಲ್ಲೆಲ್ಲಿ ಸುಳ್ಳು ಉಂಟು, ನೀನು ಹೇಳು."

ಸಿದ್ರಾಮ ಅವರ ಪೆನ್ನು ಹಿಡಿದ ಕೈಯನ್ನೇ ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಗೈ ಒತ್ತಿ ನೋಡಿದ.

"ಮೆತ್ತಗೈತ್ರೀ," ಎಂದ. ಆದರೂ ಮುಂದೆ ಹೋಗಲಿಲ್ಲ. ಎದುರಿನ ಕುರ್ಚಿ ಎಳೆದು ಕೂತ. "ಓದ್ರಿ."