ಒಣಸಿಗಡಿಯ ಡಬ್ಬಿ

ಡಬ್ಬಿಯನ್ನು ಆರಿಸಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಗಂಡ ಯತೀಶ ಬೈಂದೂರಿನ ಕಡೆ ಬೋಟಿನಲ್ಲಿ ಮೀನು ಹಿಡಿಯುತ್ತಿದ್ದರು. ಮರವಂತೆಯ ಹೋಟೆಲಿಗೆ ಬಂದಿದ್ದ ವಿದೇಶಿ ಪ್ರವಾಸಿಯೊಬ್ಬರಿಂದ ೨೦೦೯ರಲ್ಲಿ ಒಂದು ಆಟ ಕಲಿತರು. ಡಬ್ಬಿಯೊಂದನ್ನು ಎಲ್ಲೋ ಅಡಗಿಸಿ, ಜಿಪಿಎಸ್ ತೋರಿಸುವ ಅಂಕಿಗಳನ್ನಷ್ಟೇ ಬರೆದುಕೊಡುವುದು; ಬೇಕಾದವರು ಹುಡುಕಿಕೊಳ್ಳಬೇಕು. ಮಗಳು ಮೋಕ್ಷಿತಾಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ಹೀಗೊಂದು ಡಬ್ಬಿ ಅಡಗಿಸಲು ಹೊರಟರು. ಒಳಗೆ ಅವಳಿಗೊಂದು ಪತ್ರ. ಮಾತಿನಲ್ಲಿ ಬಲು ಒರಟರು. ಮಗಳ ಹತ್ತಿರ ಒಂದು ಸಿಹಿ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆ ಪತ್ರವನ್ನು ಎರಡು ದಿನ ಕೂತು ಬರೆದರು, ನನಗೂ ತೋರಿಸಲಿಲ್ಲ.

"ಕುಂದಾಪ್ರ ಪ್ಯಾಟಿಯಲ್ಲ್ ರಬ್ಬರ್ ಪಟ್ಟಿ ಇಪ್ಪ ಲಾಕಿನ ಡಬ್ಬಿ ಸಿಕ್ಕತ್ತ್. ನಾಳೆ ತತ್ತೆ," ಅಂದರು.

"ಹಿತ್ಲ್ ಗಿಡ ಮದ್ದಲ್ಲ ಅಂಬ್ರಲ್ಲ, ಹಾಂಗಾಯ್ತ್ ನಿಮ್ಮ್ ಕತಿ. ನಮ್ಮ್ ಒಣ ಚಟ್ಲಿ ಡಬ್ಬಿಗ್ ಎಂತ ಆಯ್ತ್? ನಾಕ್ ಮಳಿಗಾಲ ಕಂಡದ್ದ್ ಅದ್."

ನಾನು ಸುಮ್ಮನೆ ಹೇಳಿದ್ದಲ್ಲ. ಡಬ್ಬಿಯಲ್ಲಿದ್ದ ಒಣ ಚಟ್ಲಿ, ಅಂದರೆ ಒಣಸಿಗಡಿ, ಖಾಲಿ ಮಾಡಿ, ಮೂರು ಸಲ ಸೋಪು ಹಾಕಿ ತೊಳೆದು, ಒಂದು ಹಿಡಿ ಅವಲಕ್ಕಿ ತುಂಬಿ ಮುಚ್ಚಳ ಬಿಗಿದೆ. ಕಲ್ಲು ಹೇರಿ ಒಂದು ಹಗಲು ಬಕೆಟಿನ ನೀರಿನಲ್ಲಿ ಮುಳುಗಿಸಿಟ್ಟೆ. ತೆಗೆದಾಗ ಅವಲಕ್ಕಿ ಗರಿಗರಿಯಾಗಿಯೇ ಇತ್ತು. ಯತೀಶರೂ ಮೂಸಿ ನೋಡಿ, ವಾಸನೆಯೇನೂ ಇಲ್ಲ ಎಂದು ಒಪ್ಪಿದರು.

ಡಬ್ಬಿ ಅಡಗಿಸಿ ಬಂದ ಮರುದಿನ ಕಡಲಿಗೆ ಹೋದರು. ಗಾಳಿ ಎದ್ದಿತು. ಉಳಿದ ಬೋಟುಗಳು ಬಂದವು, ಅವರದು ಬರಲಿಲ್ಲ.

ಬೋಟು ಕಾಣೆಯಾದ ಹನ್ನೊಂದನೆಯ ದಿನ ಮೋಕ್ಷಿತಾಳ ಹುಟ್ಟುಹಬ್ಬ. ಅಪ್ಪ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಅಂಕಿಗಳ ಹಾಳೆಯನ್ನು ಹರಿದುಕೊಂಡು ಹೊರಟೇಬಿಟ್ಟಳು. ನನ್ನ ತಮ್ಮ ಜಿತೇಂದ್ರ ತನ್ನ ಬೋಟಿನ ಜಿಪಿಎಸ್ ತಂದ. ಆ ಪತ್ರ ಸಿಕ್ಕರೆ ಅವರೇ ಸಿಕ್ಕಿದ ಹಾಗೆ ಎಂದು ಹುಚ್ಚುಹುಚ್ಚಾಗಿ ನಂಬಿದ್ದೆ.

ಅಂಕಿಗಳು ಕಡಲ ದಡದ ಗಾಳಿಮರವೊಂದರ ಬುಡಕ್ಕೆ ತಂದು ನಿಲ್ಲಿಸಿದವು. ಅಲ್ಲಿ ಮರಳು ಕೆದರಿ ಗುಂಡಿಯಾಗಿತ್ತು. ಡಬ್ಬಿ ನಾಲ್ಕು ಮಾರು ಆಚೆ ಬಿದ್ದಿತ್ತು. ಮುಚ್ಚಳದ ತುಂಬ ಹಲ್ಲಿನ ಗುರುತು. ಒಳಗೆ ಮಳೆನೀರು, ಮರಳು. ಪತ್ರ ಇರಲಿಲ್ಲ.

"ನಾಯಿಗ್ ಚಟ್ಲಿ ವಾಸ್ನಿ ಸಿಕ್ಕಿತ್ತ್ ಅಕ್ಕ," ಎಂದ ಜಿತೇಂದ್ರ.

ಸೀರೆಯಲ್ಲಿ, ಕೈಯಲ್ಲಿ, ಹಾಸಿಗೆಯಲ್ಲಿ ಮೀನೇ ಇರುವ ಮನೆ ನಮ್ಮದು. ನಮ್ಮ ಮೂಗಿಗೆ ಅದೆಲ್ಲಿ ಗೊತ್ತಾಗಬೇಕು? ನೀರು ಹೋಗುವುದಿಲ್ಲ ಎಂದು ಮೆರೆದೆ, ನಾಯಿಯನ್ನು ನೆನೆಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಉಣ್ಣಬೇಕಾಗಿ ಬಂದದ್ದು ನನ್ನ ಮಗಳಿಗೆ.

ಮೂವರೂ ಮಂಡಿಯೂರಿ ಹುಡುಕಿದೆವು. ಮಧ್ಯಾಹ್ನದ ಹೊತ್ತಿಗೆ ಮೋಕ್ಷಿತಾಳಿಗೆ ಉಗುರಿನಷ್ಟು ಅಗಲದ ಚೂರೊಂದು ಸಿಕ್ಕಿತು. ಶಾಯಿ ಕರಗಿ ನೀಲಿ ಕಲೆ ಮಾತ್ರ ಉಳಿದಿತ್ತು.

"ಅಪ್ಪಯ್ಯ ಎಂತ ಬರ್ದಿದ್ರ್ ಅಮ್ಮ? ಒಂದ್ ಮಾತಾರೂ ಹೇಳ್."

"ನಂಗ್ ತೋರ್ಸ್ಲಿಲ್ಲೆ ಮಗಾ. ಅವ್ರ್ ಬೇರೆ ಡಬ್ಬಿ ತತ್ತೆ ಅಂದಿದ್ರ್. ಇದನ್ನ್ ಕೊಟ್ಟದ್ದ್ ನಾನೇ."

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. "ಇಲ್ಲೇ ಇರತ್ತ್, ಇನ್ನೊಂಚೂರ್ ಕಾಂಬ," ಎಂದು ಮತ್ತೆ ಮರಳು ಬಗೆಯತೊಡಗಿದಳು. ಸಾಕು, ಏಳು ಎನ್ನುವ ಬದಲು ನಾನೂ ಅವಳ ಪಕ್ಕ ಮರಳಿಗೆ ಕೈ ಹಾಕಿದೆ.