ಐನೂರ ಎಂಬತ್ತೇಳು ತೆಗೀರಿ

ಬಳೆಗಳನ್ನು ಮುಂಗೈಯಿಂದ ಮೇಲಕ್ಕೆ ಒತ್ತಿಕೊಂಡಳಲ್ಲ ಪ್ರತಿಮಾ, ರೊಟ್ಟಿ ಬಡಿಯಲು ಕೂತವಳ ಹಾಗೆ, ಎದುರಿಗೆ ಹಿಟ್ಟಿಲ್ಲ ಹಂಚಿಲ್ಲ, ಇರುವುದು ಕಾಲೇಜು ಆಫೀಸಿನ ಈ ಹಳೇ ಕಂಪ್ಯೂಟರು, ಆದರೂ ಆ ಒತ್ತುವುದನ್ನು ನೋಡಿದರೇ ಅರ್ಧ ಕೆಲಸ ಆಯಿತು ಅನ್ನಿಸುತ್ತದೆ – ಜಾನಕಿಬಾಯಿಗೆ ನಗು ಬಂತು, ನಗುವ ಹೊತ್ತೇನೇ ಇದು ಅಂತ ತನ್ನನ್ನೇ ಗದರಿಕೊಂಡಳು, ಇಷ್ಟು ವರ್ಷ ಈ ಆಫೀಸಿನಲ್ಲಿ ಕೂತು ಸೂಪರಿಂಟೆಂಡೆಂಟ್ ಆದವಳು ತನ್ನ ಕುರ್ಚಿ ತಾನೇ ಬಿಟ್ಟುಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದೆಂದರೆ, ಅದೂ ಯಾರಿಗೆ, ಈ ಪ್ರತಿಮಾಗೆ, ಹತ್ತಿ ವ್ಯಾಪಾರದ ಮರಿಬಸಪ್ಪನವರ ಸೊಸೆಗೆ, ಕಂಪ್ಯೂಟರ್ ಪಾಠ ಹೇಳಲು ಸೇರಿದ ದಿನ ಈಕೆ ಮಾವನ ಕಾರಿನಿಂದ ಇಳಿದದ್ದು ನೋಡಿ, ಹೊತ್ತು ಹೋಗವಲ್ದಂತ ಬಂದಾಳ ಬಿಡ್ರಿ, ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಅಂದವಳು ತಾನೇ ಅಲ್ಲವೆ, ಅಂದದ್ದು ಯಾರಾದರೂ ಈಕೆಯ ಕಿವಿಗೆ ಮುಟ್ಟಿಸಿರುತ್ತಾರೆ, ಆದೋನಿಯಲ್ಲಿ ಹತ್ತಿ ಅರಳೆಗಿಂತ ಬೇಗ ಹಾರುವುದು ಮಾತೇ, ಆದರೂ ಈವತ್ತು ಕರೆದ ಕೂಡಲೇ ಪಾಠ ಬಿಟ್ಟು ಬಂದಳು, ಏನಾಗೇತ್ರಿ ಬಾಯಾರ, ಎಂದಳು, ಅಷ್ಟೇ. ಏನಾಗಿದೆ ಎಂದರೆ ಪರದೆಯ ಎಡಮೂಲೆಯಲ್ಲಿ ಔಟ್‌ಬಾಕ್ಸ್, ಅದರ ಪಕ್ಕದಲ್ಲಿ ಒಂದು ಅನ್ನುವ ಅಂಕಿ, ಬೆಳಗಿನಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ, ಆ ಒಂದು ಅಂದರೆ ಎರ್ರಮ್ಮನ ಅಂಕಪಟ್ಟಿ, ಚಿಪ್ಪಗಿರಿ ಕಡೆಯ ಹುಡುಗಿ, ತಾಯಿ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಾಳೆ, ಮಗಳಿಗೆ ಎಂ.ಎಸ್ಸಿ. ಸೀಟು ಬಂದಿದೆ, ಮರುಮೌಲ್ಯಮಾಪನದಲ್ಲಿ ಹೆಚ್ಚಾದ ಅಂಕ ಕಾಲೇಜಿನ ಅಧಿಕೃತ ಮೇಲ್‌ನಿಂದಲೇ ಬರಬೇಕಂತೆ, ಈವತ್ತು ಯೂನಿವರ್ಸಿಟಿಯ ಕಚೇರಿ ಮುಚ್ಚುವುದರೊಳಗೆ ಬರಬೇಕಂತೆ, ಬರದಿದ್ದರೆ ಸೀಟು ಮುಂದಿನವರಿಗೆ, ವಾಟ್ಸಾಪ್ ನಡೆಯುವುದಿಲ್ಲ, ನಿಮ್ಮ ಸ್ವಂತದ ಮೇಲ್ ನಡೆಯುವುದಿಲ್ಲ ಎಂದು ಫೋನಿನಲ್ಲಿ ಅಲ್ಲಿಯ ಮನುಷ್ಯ ಪಂಚಾಂಗ ಓದಿದ ಹಾಗೆ ಓದಿ ಇಟ್ಟುಬಿಟ್ಟ. ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ.

ಮೊದಲು ಒಬ್ಬ ರಿಪೇರಿಯವನು ಬರುತ್ತಿದ್ದ, ಚಪ್ಪಲಿ ಬಿಡುವ ಮೊದಲೇ, ಯಾರ್ರೀ ಇದನ್ನ ಮುಟ್ಟಿದವ್ರು, ಅಂತ ಜೋರು ಮಾಡುತ್ತಿದ್ದ, ಮುಟ್ಟದಿದ್ದವರೂ ಕಳ್ಳರ ಹಾಗೆ ನಿಲ್ಲಬೇಕು, ಈಕೆ ಹಾಗೆ ಕೇಳಲಿಲ್ಲ, ಕಡೀಕ ಮೇಲ್ ಹೋಗಿದ್ದು ಯಾವತ್ರಿ ಬಾಯಾರ, ಎಂದಳು, ಸೋಮವಾರ ಹೋಗ್ಯದ, ಅಂದಾಗ, ಹಂಗಾರ ಸೋಮವಾರದ ತನಕ ಎಲ್ಲಾ ಛಲೋ ಇತ್ತು, ಅಂತ ತನಗೆ ತಾನೇ ಹೇಳಿಕೊಂಡಳು, ಕೆಟ್ಟದ್ದರ ಮೊದಲು ಛಲೋ ಇದ್ದದ್ದನ್ನು ಗುರುತು ಹಾಕಿಕೊಳ್ಳುವುದು ಎಷ್ಟು ಚೆನ್ನಾಗಿದೆ, ಮನುಷ್ಯರ ವಿಷಯದಲ್ಲೂ ಹೀಗೇ ಮಾಡಬೇಕು ಅನ್ನಿಸಿತು ಜಾನಕಿಬಾಯಿಗೆ. ಮತ್ತೆ ಒಂದು ಸಲಕ್ಕೆ ಒಂದೇ, ತಂತಿ ಬಿಚ್ಚಿ ಹಾಕಿದಳು, ಅದಲ್ಲ, ಪಾಸ್‌ವರ್ಡ್ ಕೇಳುತ್ತದೆಯೋ ನೋಡಿದಳು, ಕೇಳುವ ಮಟ್ಟಕ್ಕೇ ಹೋಗುತ್ತಿಲ್ಲ, ಅಂದಮೇಲೆ ಅದೂ ಅಲ್ಲ, ವೈರಸ್ ತಡೆಯುವುದನ್ನು ನಿಲ್ಲಿಸಿ ನೋಡಿದಳು, ಅದಲ್ಲ ಅಂತ ಖಾತ್ರಿಯಾದ ಮೇಲೆ ಮತ್ತೆ ಇದ್ದ ಹಾಗೆ ಮಾಡಿದಳು, ಇದ್ದ ಹಾಗೆ ಮಾಡುವುದೇ ದೊಡ್ಡದು, ನಮ್ಮ ಮನೆಯವರು ಇದ್ದಾರೆ, ವಿಷ್ಣುತೀರ್ಥಾಚಾರ್ಯರು, ಬೋರಿನ ಮೋಟರು ನಿಂತಾಗ ಫ್ಯೂಸು ಸ್ವಿಚ್ಚು ವಾಷರು ಮೂರನ್ನೂ ಒಂದೇ ಏಟಿಗೆ ಬದಲಿಸಿ, ನೀರು ಬಂದಮೇಲೆ ನೋಡಿದೆಯಾ ಹೆಂಗ ಮಾಡಿದೆ ಅಂದರು, ಯಾವುದರಿಂದ ಬಂತು ಅಂತ ಅವರಿಗೂ ಗೊತ್ತಿಲ್ಲ ಮೋಟರಿಗೂ ಗೊತ್ತಿಲ್ಲ, ಮಡಿ ಉಟ್ಟುಕೊಂಡು ತಿರುಗುವ ಆ ಮನುಷ್ಯನನ್ನು ಕರೆತಂದು ಇಲ್ಲಿ ನಿಲ್ಲಿಸಿ ತೋರಿಸಬೇಕು. ಗೂಗಲ್ ಬರ್ತದಲ್ಲಮ್ಮ, ನೆಟ್ ಅದ ಅಂದಮ್ಯಾಲೆ ಮೇಲ್ ಯಾಕ ಹೋಗವಲ್ದು, ಎಂದು ಕೇಳಿದ್ದಕ್ಕೆ ಪ್ರತಿಮಾ ತಿರುಗಿದಳು, ಬಾಗಲದ ನಂಬರು ಅನ್ಕೋರಿ ಬಾಯಾರ, ಗೂಗಲ್‌ಗೆ ಒಂದು ಬಾಗಲ, ಮೇಲ್ ಕಳಸಾಕ ಬ್ಯಾರೆ ಬಾಗಲ, ಅದರ ನಂಬರು ಐನೂರ ಎಂಬತ್ತೇಳು, ಹೋಗಿ ಬಡದು ನೋಡೂನು, ಅಂತ ಒಂದು ಕಪ್ಪು ಚೌಕ ಬರಿಸಿ ಅದರಲ್ಲಿ ಬಿಳಿ ಅಕ್ಷರ ಹೊಡೆದಳು, ಕಾದರು, ಒಂದು ಗೆರೆ ಮಿಣುಕುತ್ತಲೇ ಇದೆ, ಮಿಣುಕಿ ಮಿಣುಕಿ ಆಗಲಿಲ್ಲ ಅಂತ ಹೇಳಿ ಸತ್ತಿತು, ಬೈಗುಳವಾದರೂ ಬಂದಿದ್ದರೆ ಒಳಗೆ ಜನ ಇದ್ದಾರೆ ಅಂದುಕೊಳ್ಳಬಹುದಿತ್ತು. ಈಗ ಪ್ರತಿಮಾ ಕಾಲೇಜಿನ ತಂತಿ ಕಿತ್ತು, ತನ್ನ ಫೋನಿನ ನೆಟ್ ಬರಲೆಂದು ಅದರ ತಂತಿ ಚುಚ್ಚಿದಳು, ಅದೇ ಅಕ್ಷರ, ಅದೇ ನಂಬರು, ಒತ್ತಿದ್ದೇ ತಡ ಆ ಕಡೆಯಿಂದ ಒಂದು ಸಾಲು ಚಿಮ್ಮಿ ಬಂತು, ಓ ಅಂದ ಹಾಗೆ, ಜಾನಕಿಬಾಯಿ ಮಗುವಿನ ಮೊದಲ ಅಳು ಕೇಳಿದವಳಂತೆ ಮೈಮರೆತು, ಹಂಗಾರ ಇದರಾಗ ಕಳಿಸಿಬಿಡಮ್ಮ, ಎಂದಳು, ಕಳಿಸಿದರೆ ಬೇಡ ಎಂದಿತು, ಕಾಲೇಜು ನಡೆಸುವ ನಮ್ಮ ಟ್ರಸ್ಟಿನ ಮೇಲ್ ಸರ್ವರ್ ಕಾಲೇಜಿನ ಲೈನಿನಿಂದ ಬಂದರೆ ಮಾತ್ರ ಒಪ್ಪುತ್ತದಂತೆ, ಊರ ಮಂದಿಯ ಫೋನಿನಿಂದ ಬಂದರೆ ಮುಖ ತಿರುಗಿಸುತ್ತದಂತೆ – ಜಾನಕಿಬಾಯಿ ಗಡಿಯಾರ ನೋಡಿದಳು, ಪ್ರತಿಮಾಗೆ ಮಾತ್ರ ಮುಖ ಅರಳಿತು, ಛಲೋ ಆತು ಬಾಯಾರ, ಆ ಕಡೆ ಜೀವ ಐತಿ, ತಡ್ಯಾಕ ಹತ್ತಿದ್ದು ನಮ್ಮ ಗ್ವಾಡೀನ.

ಗೋಡೆ ಅಂದರೆ ಕೆಳಗೆ ಸ್ಟೋರ್ ರೂಮಿನಲ್ಲಿ ಬೀಗ ಹಾಕಿಟ್ಟ ಆ ಡಬ್ಬ, ಹುಡುಗಿಯರು ಸಿನಿಮಾ ನೋಡದ ಹಾಗೆ, ಹೊರಗಿನವರು ಒಳಗೆ ನುಗ್ಗದ ಹಾಗೆ ಕಾಯುವುದು, ಅದಕ್ಕೆ ಫೈರ್‌ವಾಲ್ ಅಂತ ಹೆಸರು, ಅದರ ಪಾಸ್‌ವರ್ಡ್ ಇರುವುದು ಕರ್ನೂಲಿನ ಅಂಜಿನಪ್ಪನ ಹತ್ತಿರ, ಅಲ್ಲಿಂದಲೇ ಅದನ್ನು ನಡೆಸುತ್ತಾನೆ, ಫೋನ್ ಹಚ್ಚಿದರೆ ಬಿಜಿ, ಮತ್ತೆ ಬಿಜಿ – ಕಿಟಕಿಯಿಂದ ಹತ್ತಿಕಾಳಿನ ಎಣ್ಣೆಯ ವಾಸನೆ, ಹೊಸದಾಗಿ ಆಲೂರಿನಿಂದ ಸೊಸೆಯಾಗಿ ಬಂದಾಗ ಈ ವಾಸನೆಗೆ ಊಟ ಸೇರುತ್ತಿರಲಿಲ್ಲ, ಅತ್ತೆ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಉಣಿಸುತ್ತಿದ್ದರು, ಈಗ ಗಾಳಿ ತಿರುಗಿ ವಾಸನೆ ಬರದಿದ್ದರೆ ಏನೋ ಕಳೆದ ಹಾಗೆ. ಬಾಗಿಲಿನಾಚೆ ಬೆಂಚಿನ ತುದಿಗೆ ಎರ್ರಮ್ಮ, ಇಡೀ ಬೆಂಚು ಖಾಲಿ ಇದ್ದರೂ ತುದಿಗೇ ಕೂತಿದ್ದಾಳೆ, ಏನೂ ಕೇಳುವುದಿಲ್ಲ, ಉಳಿದ ಹುಡುಗಿಯರಾದರೆ ಇಷ್ಟೊತ್ತಿಗೆ ಆಫೀಸನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು, ಮುಂದಿನ ವರ್ಷ ನೋಡೋಣಮ್ಮಾ ಅಂತ ಪ್ರಿನ್ಸಿಪಾಲರು ಈಗಲೇ ಆಕೆಗೆ ಹೇಳಿಯೂ ಆಗಿದೆ, ಮುಂದಿನ ವರ್ಷ ಅಂತೆ, ಮುಂದಿನ ವರ್ಷ ಈಕೆ ತಾಯಿಯ ಜೊತೆ ಸಾಲಿನಲ್ಲಿ ನಿಂತು ಹತ್ತಿ ಬಿಡಿಸುತ್ತಿರುತ್ತಾಳೆ, ಇಲ್ಲವೇ ಗಂಡನ ಮನೆಯಲ್ಲಿರುತ್ತಾಳೆ, ರಾಯರೇ, ಗುರುವಾರಕ್ಕೊಮ್ಮೆ ಮಂತ್ರಾಲಯದ ಕಡೆ ಮುಖ ಮಾಡಿ ಕೈಮುಗಿದದ್ದಕ್ಕೆ ಈವತ್ತು ಒಂದು ಮಾಡು, ಆ ಅಂಜಿನಪ್ಪನ ಫೋನು ಎತ್ತಿಸು. ಅಲ್ಲ, ಐನೂರ ಎಂಬತ್ತೇಳು, ಈ ನಂಬರನ್ನು ತಾನು ಎಲ್ಲೋ ಕೇಳಿದ್ದೇನೆ, ಕೇಳಿದ್ದೇನೆ ಏನು, ಹೇಳಿದ್ದೇನೆ, ಸೋಮವಾರ ಟ್ರಸ್ಟಿನಿಂದ ಸೂಚನೆ ಬಂದಿತ್ತಲ್ಲ, ಆ ಬಾಗಿಲು ತೆರೆದಿರಬೇಕು ಎಂದು, ತಾನೇ ಅಂಜಿನಪ್ಪನಿಗೆ ಫೋನ್ ಹಚ್ಚಿ, ದೊಡ್ಡ ಇಂಜಿನಿಯರಮ್ಮನ ಠೀವಿಯಲ್ಲಿ, ಐನೂರ ಎಂಬತ್ತೇಳು ತೆಗೀರಿ, ಎಂದಿದ್ದಳು, ಅವನು ಆತ್ರಿ ಬಾಯಾರ ಅಂದಿದ್ದ – ಪ್ರತಿಮಾ, ಅದು ತೆಗದೇ ಅದಮ್ಮ, ನಾನೇ ತೆಗಿಸೇನಿ.

ಫೋನು ಎತ್ತಿದ. ಪ್ರತಿಮಾ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು, ಅಂಜಿನಪ್ಪಾರ, ನಮ್ಮ ಕಾಲೇಜಿಂದು ಐನೂರ ಎಂಬತ್ತೇಳು ಏನಾಗೇತಿ ನೋಡ್ರಿ, ಎಂದಳು, ಅಯ್ಯ ಅದೇನು ನೋಡೂದ್ರಿ ಮೇಡಂ, ಬಾಯಾರು ಹೇಳಿದ ಕೂಡ್ಲೆ ತೆಗದೀನಲ್ರಿ, ಎಂದ ಅವನು, ನೋಡಿದೆಯಾ, ತಾನು ಹೇಳಲಿಲ್ಲವೆ, ತೆಗೆದಿದ್ದಾನೆ ಅಂತ ಜಾನಕಿಬಾಯಿ ಗತ್ತಿನಿಂದ ತಲೆಯಾಡಿಸುವಷ್ಟರಲ್ಲಿ ಅವನು ಮಾತಿನ ಓಟದಲ್ಲಿ ತೆಲುಗಿಗೆ ಹೊರಳಿದ, ಸೋಮವಾರಮೇ ತೀಸೇಶಾನು ಕದಾ ಮೇಡಂ, ಎಂದ – ಪ್ರತಿಮಾ ಬರೆಯುತ್ತಿದ್ದ ಪೆನ್ನು ಅಲ್ಲಿಗೇ ನಿಂತಿತು. ನಿಂತ ಪೆನ್ನನ್ನು ಜಾನಕಿಬಾಯಿ ನೋಡಿದಳು, ಪ್ರತಿಮಾ ಮೆಲ್ಲಗೆ, ನಿದ್ದೆಗಣ್ಣಿನ ಮಗುವನ್ನು ಕೇಳುವ ದನಿಯಲ್ಲಿ, ತೀಶಾರಾ, ತೀಸೇಶಾರಾ, ಎಂದಳು, ತೀಸೇಶಾ ಮೇಡಂ, ಲಿಸ್ಟುಲೋ ಇಪ್ಪುಡು ಲೇದು, ಪಟ್ಟಿಯಲ್ಲಿ ಈಗ ಇಲ್ಲ, ಎಂದ ಅವನು ಖುಷಿಯಿಂದ, ಹೇಳಿದ ಕೆಲಸ ಮಾಡಿ ಮುಗಿಸಿದವನ ಖುಷಿ ಅದು. ತೀಶಾನು ಅಂದರೆ ತೆರೆದೆ, ತೀಸೇಶಾನು ಅಂದರೆ ಕಿತ್ತು ಹಾಕಿದೆ, ತೆಲುಗಿನಲ್ಲಿ ಎರಡಕ್ಕೂ ನಡುವೆ ಒಂದಿಷ್ಟೇ ಇಷ್ಟು ಸಂದು, ನಮ್ಮ ಕನ್ನಡದಲ್ಲಿ ಆ ಸಂದೂ ಇಲ್ಲ, ಬಾಗಿಲು ತೆಗಿ ಅಂದರೆ ತೆರೆ, ಅಂಗಿ ತೆಗಿ ಅಂದರೆ ಕಳಚು, ಹೆಸರು ತೆಗಿ ಅಂದರೆ ಅಳಿಸಿಬಿಡು, ಒಂದೇ ಮಾತು, ತೆರೆದೇ ಇದ್ದ ಬಾಗಿಲನ್ನು ತೆಗೀರಿ ಅಂದಳು ತಾನು, ತೆಗಿಯಬೇಕಂತಲ್ಲ ಅಂತ ಅವನು ಪಟ್ಟಿಯಿಂದಲೇ ತೆಗೆದ, ಇಬ್ಬರೂ ತೆಗೆದರು, ಸೋಮವಾರದಿಂದ ಗೋಡೆಯಲ್ಲಿ ಬಾಗಿಲಿದ್ದ ಜಾಗಕ್ಕೆ ಗೋಡೆಯೇ ಇದೆ. ಈಗ ಈಕೆ ತಿರುಗಿ ನೋಡುತ್ತಾಳೆ, ಒಂದು ನೋಟ ಸಾಕು, ಸ್ಟಾಫ್ ರೂಮಿನ ಆ ಮಾತಿಗೂ ಸೇರಿಸಿ ಬಡ್ಡಿ ತೀರುತ್ತದೆ – ನೋಡಲಿಲ್ಲ. ಫೋನಿನ ಮೇಲೆಯೇ ಬಗ್ಗಿಕೊಂಡು ಕೂತಿದ್ದಾಳೆ. ಜಾನಕಿಬಾಯಿಗೆ ಈಗ ಬೇರೆ ಭಯ, ಮತ್ತೇನಂತ ಹೇಳುತ್ತಾಳೆ ಈಕೆ, ಮತ್ತೆ ಹಾಕ್ರಿ ಅಂದರೆ, ಬಾಗಿಲು ಹಾಕು ಅಂದರೆ ಮುಚ್ಚು ಅಂತಲ್ಲವೆ, ತೆರೆಯಲು ಹಾಕಬೇಕು, ಮುಚ್ಚಲು ತೆಗೆಯಬೇಕು, ಇದೆಂಥ ಗೋಡೆಯೋ, ಬಿಡ್ರಿ ಅಂದರೆ ಒಳಗೆ ಬಿಡುತ್ತಾನೋ ಕೈಬಿಡುತ್ತಾನೋ, ಕನ್ನಡದಲ್ಲಿ ನೆಟ್ಟಗಿನ ಮಾತು ಒಂದೂ ಇಲ್ಲವೇನು, ಹುಟ್ಟಿದಾಗಿನಿಂದ ಈ ಮಾತುಗಳನ್ನೇ ಆಡಿಕೊಂಡು ಬಂದು ಒಂದು ಸಲವೂ ಎಡವದೆ ಮನೆ ನಡೆಸಿದ್ದು ಹೇಗೆ. ಪ್ರತಿಮಾ ಆ ಮಾತುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ, ಅಂಜಿನಪ್ಪಾರ, ಹೊಸಾ ಸಾಲು ಮಾಡ್ರಿ, ಐನೂರ ಎಂಬತ್ತೇಳು ಅಂತ ಬರೀರಿ, ಅದರ ಮುಂದ ಇಂಗ್ಲಿಷಿನ್ಯಾಗ ಅಲೌ ಅಂತ ಇರ್ತೈತಿ, ಅದನ್ನ ಒತ್ತರಿ, ಒತ್ತಿದ ಮ್ಯಾಲೆ ಪರದೆ ಮ್ಯಾಗ ಏನ ಐತಿ ಅದನ್ನ ನನಗ ಓದಿ ಹೇಳ್ರಿ, ಅವನು ಸಾಲೆಯ ಹುಡುಗನ ಹಾಗೆ ಒಂದೊಂದೇ ಓದಿದ, ಈಕೆ ಹೂಂ, ಹೂಂ, ಅಂತ ಕೇಳಿಕೊಂಡಳು, ತಪ್ಪು ಯಾರದೆಂಬ ಮಾತು ಎರಡು ಊರಿನ ನಡುವೆ ಎಲ್ಲೂ ಬರಲಿಲ್ಲ.

ಕಪ್ಪು ಚೌಕ, ಅದೇ ಅಕ್ಷರ, ಈ ಸಲ ಕಾಲೇಜಿನ ತಂತಿಯಿಂದಲೇ, ಒತ್ತಿದಳು, ಓ ಅಂತು. ಜಾನಕಿಬಾಯಿ ಪ್ರತಿಮಾಳ ಭುಜ ಹಿಡಿದುಕೊಂಡಿದ್ದಳು, ಯಾವಾಗ ಹಿಡಿದಳೋ, ಬಿಡಲು ಮನಸ್ಸಿಲ್ಲ, ಔಟ್‌ಬಾಕ್ಸಿನ ಆ ಒಂದು ಇದೆ, ಇದೆ, ಹಸಿರು ಗೆರೆ ಓಡಿತು, ಇಲ್ಲ, ಹೋಯಿತು, ಅಂಕಿ ಇದ್ದ ಜಾಗ ಬಿಳಿ, ಯೂನಿವರ್ಸಿಟಿಗೆ ಫೋನ್ ಹಚ್ಚಿದಾಗ ಬೆಳಗಿನ ಅದೇ ಮನುಷ್ಯ, ಬಂದಿದೆ ಮೇಡಂ, ಫೈಲಿಗೆ ಸೇರಿಸಿದೆವು, ಸೀಟು ಖಾಯಂ, ಎಂದು ಈಗಲೂ ಪಂಚಾಂಗದ ದನಿಯಲ್ಲೇ ಹೇಳಿದ, ಅವನ ಹೊಟ್ಟೆ ತಣ್ಣಗಿರಲಿ. ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತು, ಏನಾಗಿತ್ತಮ್ಮಾ, ಯಾರು ಏನು ಮಾಡಿದ್ದರು, ಅಂದರು, ಜಾನಕಿಬಾಯಿ ತಾನೇ ಹೇಳಿಬಿಡೋಣ ಅಂತ ಬಾಯಿ ತೆರೆದಳು, ಅಷ್ಟರಲ್ಲೇ, ಗ್ವಾಡ್ಯಾಗ ಒಂದು ಸಾಲು ಬಿದ್ದು ಹೋಗಿತ್ರಿ ಸರ್, ಕಟ್ಟಿಸಿದ್ವಿ, ಎಂದು ಪ್ರತಿಮಾ ಬಳೆಗಳನ್ನು ಕೆಳಗೆ ಸರಿಸಿಕೊಂಡಳು. ಎಂಥ ಹೆಣ್ಣು ಇದು, ಸುಳ್ಳಲ್ಲ, ನಿಜವನ್ನೂ ಯಾರಿಗೂ ತಾಗದ ಹಾಗೆ ಇಟ್ಟಳು, ಮರಿಬಸಪ್ಪನವರೇ, ನಿಮ್ಮ ಗೋದಾಮಿನ ಹತ್ತಿಯೆಲ್ಲ ಒಂದು ತೂಕ, ಈ ಸೊಸೆ ಒಂದು ತೂಕ, ನಾಳೆಯೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳುತ್ತೇನೆ, ನಾನು ಅಂದಿದ್ದ ಮಾತನ್ನು ನಾನೇ ನುಂಗುತ್ತೇನೆ, ಉಪ್ಪಿನಕಾಯಿ ಬೇಕಿಲ್ಲ. ನೀವೇ ಹೇಳ್ರಿ ಬಾಯಾರ ಆಕಿಗೆ, ಮುಂಜಾನಿಂದ ಕುಂತಾಳ, ಎಂದಳು ಪ್ರತಿಮಾ, ಹೇಳುವ ಖುಷಿಯನ್ನೂ ತನಗೇ ಬಿಟ್ಟುಕೊಟ್ಟಳು.

ಸೀರೆಯ ನೆರಿಗೆ ಎತ್ತಿ ಹಿಡಿದು ಹೊಸ್ತಿಲು ದಾಟುತ್ತಾಳೆ, ಮಂಡಿಯ ನೋವು ಈಗ ಎಲ್ಲಿಗೆ ಹೋಯಿತೋ, ಉಸಿರು ನಿಲ್ಲುತ್ತಿಲ್ಲ, ಹೋತವ್ವಾ ಎರ್ರಮ್ಮಾ, ಹೋತು, ಅಂದಳು. ಹೋತು ಅಂದಳು, ಬೆಳಗಿನಿಂದ ಮಾತುಗಳ ಗುಣ ಕಂಡೂ ಕಂಡೂ ಹಾಗೇ ಅಂದಳು, ಹುಡುಗಿ ಎದ್ದು ನಿಂತಳು, ಅಳಲಿಲ್ಲ, ಯಾಕೆ ಅಂತ ಕೇಳಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ, ಬೆಂಚಿನ ಕೆಳಗಿದ್ದ ಚೀಲಕ್ಕೆ ಕೈ ಹಾಕಿ, ಇರಲಿ ಬಿಡ್ರಿ ಅಮ್ಮಾ, ನನ್ ಸಲುವಾಗಿ ಇಷ್ಟೊತ್ತು ಒದ್ದಾಡಿದ್ರಿ, ಎಂದಳು, ಕೊನೇ ಬಸ್ಸು ಹೋಗಿದೆ ಅಂದರೆ ಹೇಗೆ ಕೇಳಿಕೊಳ್ಳುತ್ತಾರೋ ಹಾಗೆ – ಅಯ್ಯೋ ಅಲ್ಲ, ಅಲ್ಲವ್ವಾ, ಮುಟ್ಟಿತು, ಹೋಗಿ ಮುಟ್ಟಿತು, ಸೀಟು ನಿಂದಽ, ಯೂನಿವರ್ಸಿಟಿಯವರೇ ಹೇಳ್ಯಾರ, ಜಾನಕಿಬಾಯಿ ಹುಡುಗಿಯ ಕೈ ಹಿಡಿದು ಅಲ್ಲಾಡಿಸಿದಳು, ನಿಜ ಏನ್ರಿ, ನಿಜ ಏನ್ರಿ, ಈಗ ಅಳುತ್ತಿದ್ದಾಳೆ, ಈಗ ನಗುತ್ತಿದ್ದಾಳೆ, ಪ್ರತಿಮಾ ಹಿಂದಿನಿಂದ ಬಂದು ಏನೋ ಅಂದಳು, ಪ್ರಿನ್ಸಿಪಾಲರೂ ನಕ್ಕರು, ಚಿಪ್ಪಗಿರಿಗೆ ತಾಯಿಗೆ ಫೋನು ಹೋಯಿತು, ಯಮ್ಮಾ ಅಂತ ಕೂಗಿದ್ದು ಇಡೀ ಪಡಸಾಲೆಗೆ ಕೇಳಿತು, ಎಲ್ಲ ಸರಿ, ಎಲ್ಲ ಗೆದ್ದಂತೆ, ಆದರೂ ಜಾನಕಿಬಾಯಿಗೆ ಆ ಕೈ, ಅಷ್ಟು ಬೇಗ ಚೀಲಕ್ಕೆ ಹೋದ ಆ ಕೈ, ಕೂಗಾಟದ ನಡುವೆ ಮತ್ತೆ ಆ ಕೈ, ತಡವರಿಸದೆ, ಹುಡುಕದೆ, ಹಿಡಿ ಎಲ್ಲಿದೆ ಅಂತ ನೋಡದೆ, ಎಷ್ಟು ಸಲ ಇಲ್ಲ ಅನ್ನಿಸಿಕೊಂಡು ಎದ್ದು ಹೋಗಿ ರೂಢಿಯಾಗಿದ್ದರೆ ಹಾಗೆ ಹೋಗುತ್ತದೆ ಅದು, ಇಪ್ಪತ್ತೊಂದು ವರ್ಷದ ಹುಡುಗಿಯ ಕೈ, ಚೀಲಕ್ಕೆ –